ಕಿಟಕಿ ಹಸುವಿನ ಹಾಲು

"ಮೂಗು ಮುಚ್ಕೊಳ್ಳಿ ಮೇಡಂ. ಕಣ್ಣು ಮಾತ್ರ ಮುಚ್ಬೇಡಿ," ಎನ್ನುತ್ತಾ ಕತ್ತರಿ ಡಾಕ್ಟರು ಡಬ್ಬಿಯ ಮುಚ್ಚಳ ತಿರುಗಿಸಿದರು.

ಫಾರ್ಮಲಿನ್ ಘಾಟು ಮುಖಕ್ಕೆ ಹೊಡೆಯಿತು. ಅವಳು ಕೆಮ್ಮಿದಳು, ಆದರೆ ಹಿಂದೆ ಸರಿಯಲಿಲ್ಲ.

ಪಶು ಸಂಶೋಧನಾ ಕೇಂದ್ರದಲ್ಲಿ ಸತ್ತ ಪ್ರಾಣಿಗಳನ್ನು ಕೊಯ್ದು ಸಾವಿನ ಕಾರಣ ಹೇಳುವುದು ಈ ಡಾಕ್ಟರ ಕೆಲಸ. ಕತ್ತರಿ ಡಾಕ್ಟರು ಎಂಬ ಹೆಸರನ್ನು ಯಾರೋ ಬೆನ್ನ ಹಿಂದೆ ಇಟ್ಟದ್ದು. ಅವರೋ ಅದನ್ನೇ ಬಿರುದಿನ ಹಾಗೆ ಹೇಳಿಕೊಂಡು ತಿರುಗುತ್ತಿದ್ದರು. ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲವಾದ್ದರಿಂದ ಯಾರ ಮುಲಾಜೂ ಅವರಿಗಿರಲಿಲ್ಲ.

ಅವಳು ಪ್ರಾಣಿ ಪ್ರಯೋಗ ಮಂಡಳಿಯ ತನಿಖಾಧಿಕಾರಿ. ಇಲ್ಲಿ ಪರೀಕ್ಷೆಗಿಟ್ಟಿದ್ದ, ಮೇವಿಗೆ ಬೆರೆಸುವ ಒಂದು ಪುಡಿಯ ಮೇಲೆ ದೂರು ಬಂದಿದೆ, ಅದನ್ನು ವಿಚಾರಿಸಲು ಬಂದಿದ್ದಾಳೆ. ಇದು ಸರಕಾರಿ ಮಾತು. ನಿಜ ಹೇಳಬೇಕೆಂದರೆ ಅವಳು ಬಂದದ್ದು ಅಣ್ಣನನ್ನು ಹುಡುಕಿಕೊಂಡು. ಹೋದ ಬೇಸಿಗೆಯಲ್ಲಿ, ಇಲ್ಲಿನ ಕೊಟ್ಟಿಗೆಯ ಮೇಸ್ತ್ರಿಯಾಗಿದ್ದ ಅಣ್ಣ, ತಾನು ಸಾಕಿದ ಹಸುವನ್ನು ಕೊಂದ ದಿನವೇ ಕಾಣೆಯಾಗಿದ್ದ.

"ಇದೇ ನೋಡಿ, ನಿಮ್ಮ ಕಿಟಕಿ ಹಸುವಿನ ಪಕ್ಕೆ," ಎಂದು ಡಾಕ್ಟರು ಇಕ್ಕಳದಲ್ಲಿ ಚರ್ಮದ ತುಂಡೊಂದನ್ನು ಎತ್ತಿ ತಟ್ಟೆಗೆ ಹಾಕಿದರು. ತುಂಡಿನ ನಡುವೆ ತೂತು, ತೂತಿನಲ್ಲಿ ಕಪ್ಪು ರಬ್ಬರಿನ ಬಳೆ.

ಕಿಟಕಿ ಎಂಬುದು ಹಸುವಿನ ಹೆಸರೂ ಹೌದು, ಅದರ ಪಾಡೂ ಹೌದು. ಮೇವು ಹೇಗೆ ಅರಗುತ್ತದೆಂದು ನೋಡಲು ಹಸುವಿನ ಎಡಪಕ್ಕೆ ಕೊಯ್ದು, ರಬ್ಬರಿನ ಬಳೆ ಕೂರಿಸಿ, ಅದಕ್ಕೊಂದು ಬಿರಡೆ ಹಾಕಿರುತ್ತಾರೆ. ಬಿರಡೆ ತೆಗೆದು ಮೊಣಕೈವರೆಗೆ ಕೈ ಹಾಕಿದರೆ ಹೊಟ್ಟೆಯೊಳಗಿನ ಮೇವು ಕೈಗೆ ಸಿಗುತ್ತದೆ. ಹಸು ಮಾತ್ರ ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಮೆಲುಕು ಹಾಕುತ್ತಾ ನಿಂತಿರುತ್ತದೆ. ನೋಡಲು ಬಂದವರೆಲ್ಲ ಬಾಯಿಬಿಟ್ಟು ನಿಂತರೆ ಅಣ್ಣ ಮುಖ ತಿರುಗಿಸಿಕೊಳ್ಳುತ್ತಿದ್ದ. "ಬೇರೆಯವರ ಮನೆ ಕಿಟಕೀಲಿ ಇಣುಕಿದ ಹಾಗಾಗತ್ತೆ ಕಣೇ," ಎನ್ನುತ್ತಿದ್ದ.

ಆ ಕಿಟಕಿಯ ಮೂಲಕವೇ ಹಸುವಿಗೆ ಪುಡಿ ಹಾಕಿದ್ದರು. ಪ್ರಯೋಗ ಮುಗಿಯಿತು. ಪರೀಕ್ಷೆಯಾಗದ ವಸ್ತು ಹೊಟ್ಟೆಗೆ ಹೋದ ಹಸುವಿನ ಹಾಲಾಗಲಿ ಮಾಂಸವಾಗಲಿ ಜನರ ಬಾಯಿಗೆ ಹೋಗಬಾರದು, ಅದು ಶುದ್ಧವೆಂದು ಸಾಬೀತಾಗದಿದ್ದರೆ ಹಸುವನ್ನು ಮುಗಿಸಬೇಕು. ನಿಯಮ ಹಾಗಿದೆ. ಮುಗಿಸುವ ಕೆಲಸ ಅಣ್ಣನ ಪಾಲಿಗೆ ಬಂತು. ದೇಹ ಸುಟ್ಟರು, ಪಕ್ಕೆಯ ತುಂಡನ್ನು ಗುರುತಿಗೆಂದು ಡಬ್ಬಿಗೆ ಹಾಕಿದರು. ಅಣ್ಣ ಮನೆಗೆ ಬರಲಿಲ್ಲ. ಆ ದುಃಖದಲ್ಲಿ ಜೀವಕ್ಕೇನೋ ಮಾಡಿಕೊಂಡಿರಬೇಕೆಂದು ಪೊಲೀಸರು ಕೈ ತೊಳೆದುಕೊಂಡರು. ಪುಡಿಯ ಗುಟ್ಟು ತಿಳಿದವನನ್ನು ಇಲ್ಲಿಯವರೇ ಏನಾದರೂ ಮಾಡಿರಬೇಕೆಂದು ಅವಳು ನಂಬಿದ್ದಳು.

"ಇಷ್ಟು ದಿನ ಇದನ್ನ ಯಾರೂ ತೆಗೆದು ನೋಡಲಿಲ್ವಾ?"

"ಡಬ್ಬಿ ಬಂತು, ಚೀಟಿ ಅಂಟಿಸಿದ್ರು, ಇಟ್ರು. ಉಪ್ಪಿನಕಾಯಿ ಆದ್ರೆ ಯಾರಾದ್ರೂ ತೆಗೀತಿದ್ರು. ಇದನ್ನ ಯಾರು ತೆಗೀತಾರೆ?" ಡಾಕ್ಟರು ಇಕ್ಕಳದ ತುದಿಯನ್ನು ತೂತಿನ ಅಂಚಿಗೆ ತೂರಿಸಿದರು. "ಇಲ್ಲಿ ನೋಡಿ. ವರ್ಷಗಟ್ಟಲೆ ಕಿಟಕಿ ಇಟ್ಕೊಂಡ ಹಸುವಲ್ಲಿ ಚರ್ಮ, ಹೊಟ್ಟೆ ಗೋಡೆ ಎರಡೂ ಬೆಸೆದು ಒಂದೇ ಆಗಿರತ್ತೆ. ಇದರಲ್ಲಿ?"

ಇಕ್ಕಳ ಸರಾಗವಾಗಿ ಒಳಗೆ ಹೋಯಿತು. ಚರ್ಮವೇ ಬೇರೆ, ಹೊಟ್ಟೆಯ ಗೋಡೆಯೇ ಬೇರೆ. ಎರಡನ್ನೂ ದಾರದಿಂದ ಹೊಲಿದಿದ್ದರು.

"ಗಾಯ ಮಾಗೇ ಇಲ್ಲ," ಎಂದಳು ಅವಳು.

"ಸತ್ತ ಮೇಲೆ ಎಲ್ಲಿಂದ ಮಾಗತ್ತೆ? ಯಾವುದೋ ಸತ್ತ ಹಸುವಿಗೆ ತೂತು ಕೊರೆದು ಬಳೆ ತುರುಕಿದ್ದಾರೆ. ಇದು ಕಿಟಕಿ ಅಲ್ಲ ಮೇಡಂ. ಯಾರೋ ಎಲ್ಲರ ಕಣ್ಣಿಗೂ ಮಣ್ಣೆರಚಿದ್ದಾರೆ."

ಅವಳು ಬಗ್ಗಿ ದಾರ ನೋಡಿದಳು. ಹೊಲಿಗೆ ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ. ಪ್ರತಿ ತಿರುವಿನಲ್ಲೂ ದಾರವನ್ನು ಅದರದೇ ಕುಣಿಕೆಯೊಳಗೆ ತೂರಿಸಿ ಎಳೆದ ಗಂಟು. ಗೋಣಿಚೀಲ ಹೊಲಿಯುವವರ ಹೊಲಿಗೆ. ಅಪ್ಪ ಅಮ್ಮ ಹೋದ ಮೇಲೆ ಅವಳ ಸ್ಕೂಲ್ ಬ್ಯಾಗಿನ ಕಿತ್ತ ಪಟ್ಟಿ, ಹರಿದ ಚಪ್ಪಲಿ, ಮಳೆಗಾಲದ ಕೋಟು ಎಲ್ಲವನ್ನೂ ಅಣ್ಣ ಹೊಲಿದು ಕೊಟ್ಟದ್ದು ಇದೇ ಹೊಲಿಗೆಯಲ್ಲಿ. ಗೆಳತಿಯರು ನಗುತ್ತಾರೆಂದು ಅವಳು ಪಟ್ಟಿಯನ್ನು ಒಳಗೆ ಮಡಚಿಕೊಂಡು ಹೋಗುತ್ತಿದ್ದಳು.

ಹಸು ಸತ್ತಿಲ್ಲ. ಹಸು ಸತ್ತಿಲ್ಲವೆಂದ ಮೇಲೆ ಅದರ ದುಃಖದಲ್ಲಿ ಅಣ್ಣ ಸಾಯುವ ಮಾತೇ ಇಲ್ಲ. ಎಲ್ಲೋ ಇದ್ದಾನೆ. ಊಟ ಮಾಡುತ್ತಾನೆ, ನಿದ್ದೆ ಮಾಡುತ್ತಾನೆ, ಬೆಳಿಗ್ಗೆ ಎದ್ದು ಎಂದಿನಂತೆ ಯಾರನ್ನೋ ಬಯ್ಯುತ್ತಾನೆ. ಅವನ ಒಂದು ಬೈಗುಳ ಕೇಳಲು ಅವಳು ತನ್ನ ಕೆಲಸವನ್ನೇ ಬೇಕಾದರೆ ಬಿಟ್ಟುಕೊಡುತ್ತಿದ್ದಳು. ಅಷ್ಟು ಆಸೆಯಾಗಿತ್ತು.

"ಈ ಹೊಲಿಗೆ ಗುರುತು ಸಿಕ್ತಾ?" ಡಾಕ್ಟರು ಕೇಳಿದರು.

"ಇಲ್ಲ," ಎಂದಳು.

ಡಾಕ್ಟರು ಅವಳ ಮುಖ ನೋಡಿದರು, ತುಂಡನ್ನು ಡಬ್ಬಿಗೆ ಹಾಕಿದರು, ಮುಚ್ಚಳ ಬಿಗಿದರು. "ಹೊಲಿಗೆ ನನ್ನ ವಿಷಯ ಅಲ್ಲ. ಹೊಲಿಗೆ ಬಗ್ಗೆ ನಾನೇನೂ ಬರೆಯಲ್ಲ."

ಹೊರಗೆ ಬಂದಾಗ ಬಿಸಿಲು ಚುರುಗುಟ್ಟುತ್ತಿತ್ತು. ಗೇಟಿನ ದಾರಿ ಬಿಟ್ಟು ಡಾಕ್ಟರು ಅವಳನ್ನು ಹಿತ್ತಲ ಕಡೆಗೆ ಕರೆದೊಯ್ದರು. "ಬಂದಿದ್ದೀರಲ್ಲ, ಇದನ್ನೂ ನೋಡ್ಕೊಂಡು ಹೋಗಿ. ನಾನು ತೋರಿಸ್ದೆ ಅನ್ಬೇಡಿ."

ಕೇಂದ್ರದ ತಂತಿಬೇಲಿಯ ಆಚೆ ಕುರಿ ಹಟ್ಟಿ. ಕುರಿಗಳು ಮೈತುಂಬಿಕೊಂಡು, ಉಣ್ಣೆ ಮಿರಮಿರ ಮಿಂಚುತ್ತಾ, ಪ್ರದರ್ಶನಕ್ಕಿಟ್ಟಂತಿದ್ದವು. ಅವಳಿಗೆ ಮೊದಲು ಏನೂ ತಪ್ಪು ಕಾಣಲಿಲ್ಲ. ಆಮೇಲೆ ಮರಿಯೊಂದು ನೆಟ್ಟಗೆ ನಡೆದು ಬಂದು ಬೇಲಿಗೆ ಹಣೆ ಕುಟ್ಟಿಕೊಂಡಿತು. ಹಿಂದೆ ಸರಿದು ಮತ್ತೆ ಅಲ್ಲೇ ಕುಟ್ಟಿಕೊಂಡಿತು. ಇನ್ನೊಂದು ಮರಿ ತಾಯಿಯ ಪಕ್ಕದಲ್ಲೇ ನಿಂತು ತಾಯಿಗಾಗಿ ಅರಚುತ್ತಿತ್ತು. ತಾಯಿ ಕೂಗಿದ ಮೇಲಷ್ಟೇ ಅದು ದನಿ ಬಂದ ಕಡೆ ಮುಖ ತಿರುಗಿಸಿತು.

"ಹುಟ್ಟುಕುರುಡಾ?"

"ಹುಟ್ಟಿದಾಗ ಕಣ್ಣು ಚೆನ್ನಾಗೇ ಇತ್ತು. ನಾನೇ ನೋಡಿದ್ದೀನಿ. ಕುಡೀತಾ ಕುಡೀತಾ ಹೋಯ್ತು."

ಅಷ್ಟರಲ್ಲಿ ಕೇಂದ್ರದ ನಿರ್ದೇಶಕರು ಬೂಟು ಟಪಟಪ ಮಾಡುತ್ತಾ ಓಡಿಬಂದರು. ಓಡಿ ಅಭ್ಯಾಸವಿಲ್ಲದ ಮನುಷ್ಯ, ಮಾತಿಗಿಂತ ಮೊದಲು ಏದುಸಿರು ಬಂತು.

"ಮೇಡಂ, ಇಲ್ಲಿ ನಿಮಗೇನು ಕೆಲಸ? ಬೇಲಿಯೊಳಗಿರೋದು ಪ್ರಯೋಗದ ಪ್ರಾಣಿ, ಅದು ನಿಮ್ಮದು, ಒಪ್ತೀನಿ. ಬೇಲಿಯಾಚೆ ಇರೋದು ಫಾರಂ. ಇವು ಸಾಕಿದ ಕುರಿ. ನಿಮ್ಮ ಕಾನೂನು ಈ ತಂತಿಗೆ ಮುಗೀತು."

"ಅದೇ ಪುಡಿ ತಾನೇ ಇವಕ್ಕೂ ಕೊಟ್ಟಿರೋದು?"

"ಒಳಗೆ ಕೊಟ್ರೆ ಪ್ರಯೋಗ. ಹೊರಗೆ ಕೊಟ್ರೆ ಮೇವು."

"ಈ ಬೇಲಿ ವಿಷಯ ಕುರಿಗಳಿಗೆ ತಿಳಿಸಿದ್ದೀರಾ?"

ಕತ್ತರಿ ಡಾಕ್ಟರು ಕೆಮ್ಮಿನೊಳಗೆ ನಗು ನುಂಗಿಕೊಂಡರು. ನಿರ್ದೇಶಕರು ಕೆಂಪಾದರು. "ನಿಮ್ಮಣ್ಣನ ಸಾವಿಗೆ ನಮ್ಮನ್ನ ಹೊಣೆ ಮಾಡ್ಬೇಕು ಅಂತ ಬಂದಿದ್ದೀರಿ. ಮಂಡಳಿಗೆ ಬೇರೆ ಜನ ಸಿಗಲಿಲ್ವಾ?"

"ಇದ್ದಾರೆ. ಅವರಿಗೆ ಹಸುವಿನ ಎಡ ಯಾವುದು ಬಲ ಯಾವುದು ಗೊತ್ತಿಲ್ಲ. ಮರಿಗಳಿಗೂ ಪುಡಿ ಕೊಟ್ರಾ?"

"ಎಲ್ಲಿ ಕೊಡೋದು? ಇನ್ನೂ ಹಲ್ಲು ಬಲಿತಿಲ್ಲ. ಹಾಲು ಬಿಟ್ರೆ ಬೇರೇನೂ..." ನಿರ್ದೇಶಕರು ಅಲ್ಲಿಗೇ ನಾಲಿಗೆ ಕಚ್ಚಿಕೊಂಡರು. ಆಡಿದ ಮಾತು ಆಡಿಯಾಗಿತ್ತು.

ತಿಂದ ತಾಯಿಗೆ ಏನೂ ಇಲ್ಲ. ತಿನ್ನದ ಮರಿಗೆ ಕಣ್ಣಿಲ್ಲ. ಪುಡಿ ತಿಂದ ಮೈಗೇನೂ ಮಾಡದೆ ಹಾಲಿಗಿಳಿಯುತ್ತಿದೆ. ಇಂಥ ಪುಡಿಯನ್ನು ಬರುವ ತಿಂಗಳು ಊರೂರಿನ ಕೊಟ್ಟಿಗೆಗಳಿಗೆ ಮೇವಿನ ಹೆಸರಲ್ಲಿ ಕಳಿಸಲು ಇವರು ಸಿದ್ಧರಾಗಿದ್ದಾರೆ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಈ ಕುರಿಗಳು ಸಂತೆಗೆ ಹೋಗತ್ತಾ?"

"ಕುರಿ ಇನ್ನೆಲ್ಲಿಗೆ ಹೋಗತ್ತೆ?"

"ಒಳ್ಳೇದು. ಹಾಗಾದ್ರೆ ಆಹಾರ ಇಲಾಖೆಗೆ ಹೇಳ್ತೀನಿ. ಅವರಿಗೆ ಬೇಲಿಯ ಎರಡು ಕಡೆಯೂ ಒಂದೇ. ಅವರು ಬರೋವರೆಗೂ ಒಂದು ಮರಿಯೂ ಇಲ್ಲಿಂದ ಕದಲಕೂಡದು."

ಡಾಕ್ಟರನ್ನು ಕಾವಲಿಗೆ ನಿಲ್ಲಿಸಿ, ಇಲಾಖೆಗೆ ಫೋನು ಮಾಡಿ ಮುಗಿಸಿ, ಅವಳು ಜೀಪು ಹತ್ತಿದಳು. ಹಿಂದಿನ ಸೀಟಿನಲ್ಲಿ ಕೂತ ಮೇಲೆ ಮತ್ತೆ ಆ ಹೊಲಿಗೆ ಕಣ್ಣ ಮುಂದೆ ಬಂತು, ಮತ್ತೆ ಆ ಸಂತೋಷ. ಕೋಪ, ಸಂತೋಷ ಎರಡೂ ಒಂದೇ ಎದೆಯಲ್ಲಿ ಇರಲಾಗದೆ ಒದ್ದಾಡಿದವು.

"ಎಲ್ಲಿಗೆ ಮೇಡಂ?" ಡ್ರೈವರ್ ಕೇಳಿದ. ಆರಡಿ ಆಳು, ಮುಖದ ಅರ್ಧ ಮೀಸೆ.

"ಅತ್ತಿಗೆ ಮನೆಗೆ."

ಅತ್ತಿಗೆ ಬಾಗಿಲು ತೆರೆದವರು ಒಂದು ಗಳಿಗೆ ತಡವರಿಸಿದರು. "ಅಯ್ಯೋ, ಹೇಳದೆ ಕೇಳದೆ ಬಂದ್ಬಿಟ್ಯಲ್ಲ! ಕೂತ್ಕೋ, ಇಲ್ಲೇ ಕೂತ್ಕೋ, ಒಳಗೆಲ್ಲ ಹೊಗೆ."

ಈ ಮನೆಯಲ್ಲಿ ಹಜಾರದಲ್ಲಿ ಕೂರುವವರು ಪರಕೀಯರು. ಅವಳು ಸೀದಾ ಅಡುಗೆಮನೆಗೆ ನಡೆದಳು. ಹೊಗೆ ಇರಲಿಲ್ಲ. ಒಲೆಯ ಮೇಲೆ ಅಗಲ ಬಾಯಿಯ ಪಾತ್ರೆಯಲ್ಲಿ ನೀರು ಕುದಿಯುತ್ತಿತ್ತು. ನೀರಿನಲ್ಲಿ ಏನೋ ಕಪ್ಪಗೆ ಹೊರಳುತ್ತಿತ್ತು.

"ಏನದು?"

"ಅದಾ? ಕುಕ್ಕರ್ ರಬ್ಬರು. ಸಡಿಲ ಆಗಿತ್ತು, ಬಿಸಿನೀರಿಗೆ ಹಾಕಿದ್ದೀನಿ."

ಅವಳು ಸೌಟಿನಿಂದ ಎತ್ತಿದಳು. ಮುಷ್ಟಿಗಿಂತ ದಪ್ಪದ ರಬ್ಬರ್ ಬಿರಡೆ, ನೀರು ಸುರಿಸುತ್ತಾ ಸೌಟಿನ ಮೇಲೆ ಕೂತಿತ್ತು.

"ಇಂಥ ರಬ್ಬರಿನ ಕುಕ್ಕರಲ್ಲಿ ಯಾರಿಗೆ ಅಡುಗೆ ಮಾಡ್ತೀರಿ ಅತ್ತಿಗೆ? ಪಟಾಲಂಗಾ?"

ಅತ್ತಿಗೆ ಸೆರಗಿನಿಂದ ಕೈ ಒರೆಸಿಕೊಂಡರು. ಒದ್ದೆಯೇ ಇರದ ಕೈಯನ್ನು ಮತ್ತೆ ಒರೆಸಿಕೊಂಡರು.

"ಕುದಿಸಿ ತೊಳೆಯೋಕೆ ಅಂತ ಎರಡು ಬಿರಡೆ ಇಟ್ಕೋಬೇಕು, ಒಂದು ಹಸುವಿನ ಮೈಯಲ್ಲಿ, ಇನ್ನೊಂದು ಒಲೆ ಮೇಲೆ. ಕಾಲೇಜಲ್ಲಿ ನನಗೂ ಅದನ್ನೇ ಕಲಿಸಿದ್ರು. ಅಣ್ಣ ಎಲ್ಲಿದ್ದಾನೆ?"

"ನನಗೇನು ಗೊತ್ತಮ್ಮ..."

"ಅತ್ತಿಗೆ!" ಅವಳ ದನಿ ಏರಿತು. "ಗುರುತು ಸಿಗದ ಹೆಣ ಬಂದಿದೆ ಅಂತ ಫೋನು ಬಂದಾಗೆಲ್ಲ ಓಡಿದ್ದೀನಿ. ಒಂದೊಂದು ಬಟ್ಟೆ ಸರಿಸಿದಾಗಲೂ ಅಣ್ಣ ಆಗಿರದಿರಲಿ ಅಂತ ಹಲ್ಲು ಕಚ್ಚಿ ನಿಂತಿದ್ದೀನಿ. ವಾಪಸು ಬಂದು ಇದೇ ಅಡುಗೆಮನೇಲಿ ನಿಮ್ಮನ್ನ ತಬ್ಬಿಕೊಂಡು ಅತ್ತಿದ್ದೀನಿ. ಆಗಲೂ ಇಲ್ಲಿ ಈ ನೀರು ಕುದೀತಿತ್ತಾ?"

ಅತ್ತಿಗೆ ಒಲೆ ಆರಿಸಿದರು.

"ಕುದೀತಿತ್ತು. ಅವತ್ತು ನಿನ್ನ ಜೊತೆ ನಾನು ಅತ್ತಿದ್ದು ಸುಳ್ಳಲ್ಲ. ಹೇಳಕ್ಕಾಗಲ್ವಲ್ಲ ಅಂತ ಅತ್ತೆ. ನಿನ್ನ ಕಣ್ಣೀರು ನೋಡಿ ತಾನೇ ಪೊಲೀಸರು ನಂಬಿದ್ದು? ನಿನಗೆ ನಾಟಕ ಬರಲ್ಲ, ಚಿಕ್ಕಂದಿನಿಂದಲೂ ಬರಲ್ಲ ಅಂದ್ರು ನಿಮ್ಮಣ್ಣ."

"ನನಗೊಂದು ಮಾತು ಹೇಳಿದ್ರೆ ಏನಾಗ್ತಿತ್ತು? ನಾನೇನು ಬೇರೆಯವಳಾ?"

"ಹೇಳೋಣ ಅಂತ ನಾನೇ ಎಷ್ಟೋ ಸಲ ಅಂದೆ. ಹೇಳಿದ್ರೆ ಅವಳು ನಿಯಮದ ಪ್ರಕಾರ ನಡೀತಾಳೆ, ಹಸುವನ್ನ ಮುಗಿಸ್ತಾಳೆ ಅಂದ್ರು. ತಂಗಿ ಮೇಲೆ ಅಷ್ಟೂ ನಂಬಿಕೆ ಇಲ್ವಾ ಅಂದೆ. ನಂಬಿಕೆ ಇರೋದಕ್ಕೇ ಹೇಳ್ತಿದ್ದೀನಿ, ಹಾಗೆ ನಡೀಲಿ ಅಂತಲೇ ನಾನು ಅವಳನ್ನ ಓದಿಸಿದ್ದು ಅಂದ್ರು."

ಅಣ್ಣ ಸಗಣಿ ಬಾಚಿ, ಹುಲ್ಲು ಹೊತ್ತು, ಅವಳ ಫೀಸು ಕಟ್ಟಿದ್ದ. ಅವಳು ದೊಡ್ಡ ಅಧಿಕಾರಿಯಾಗಿದ್ದಳು. ಎಷ್ಟು ದೊಡ್ಡ ಅಧಿಕಾರಿಯೆಂದರೆ, ಅಣ್ಣನೇ ಅವಳಿಗೆ ಹೆದರಿ ಬಚ್ಚಿಟ್ಟುಕೊಳ್ಳುವಷ್ಟು.

ಅತ್ತಿಗೆ ನಡೆದದ್ದನ್ನು ಹೇಳಿದರು. ಆ ವಾರ ಫಾರಮ್ಮಿನ ಕಡೆ ಒಂದು ಹಸು ಕರು ಹಾಕುವಾಗ ಸತ್ತಿತ್ತು. ಕಿಟಕಿಯದೇ ಬಣ್ಣ. ಅಣ್ಣ ಅದರ ಪಕ್ಕೆಗೆ ಹಳೆಯ ಬಳೆ ಹೊಲಿದು, ಪಕ್ಕೆಯನ್ನು ಡಬ್ಬಿಗೂ ದೇಹವನ್ನು ಬೆಂಕಿಗೂ ಕೊಟ್ಟ. ಕಿಟಕಿಯನ್ನು ಊರಾಚೆಯ ಪಾಳುಬಿದ್ದ ಡೈರಿ ಕಟ್ಟಡಕ್ಕೆ ನಡೆಸಿಕೊಂಡು ಹೋದ. ಅಲ್ಲಿ ಒಲೆ ಹಚ್ಚಿದರೆ ಹೊಗೆ ಕಾಣುತ್ತದೆ, ಹಾಗಾಗಿ ಬಿರಡೆ ತೊಳೆಯುವುದು ಇಲ್ಲಿ.

"ಎಷ್ಟು ದಿನ ಅಂತ ಹೀಗೆ? ಜೀವಮಾನವೆಲ್ಲ ಅಲ್ಲೇ ಇರ್ತಾನಂತಾ?"

"ಇಲ್ಲಮ್ಮ, ಇನ್ನೇನು ಮುಗೀತಾ ಬಂತು!" ಅತ್ತಿಗೆಯ ಮುಖ ಮೊದಲ ಸಲ ಅರಳಿತು. "ಹಾಲು ಶುದ್ಧ ಅಂತ ಸಾಬೀತಾದ್ರೆ ಹಸುವನ್ನ ಕೊಲ್ಲೋ ಹಾಗಿಲ್ಲ ಅಂತ ನಿಯಮ ಇದೆಯಂತಲ್ಲ? ನೀನೇ ಯಾವಾಗಲೋ ಅವರಿಗೆ ಹೇಳಿದ್ದಂತೆ. ಸಾಬೀತು ಮಾಡ್ತಿದ್ದಾರೆ."

"ಹೇಗೆ? ಅವನ ಹತ್ರ ಲ್ಯಾಬ್ ಎಲ್ಲಿದೆ?"

"ಲ್ಯಾಬ್ ಯಾಕೆ? ಕುಡೀತಿದ್ದಾರೆ."

ಅವಳ ಕೈಯಿಂದ ಸೌಟು ಜಾರಿ ಪಾತ್ರೆಗೆ ಬಿತ್ತು. ನೀರು ಸಿಡಿದು ಮುಂಗೈ ಸುಟ್ಟಿತು. ಅವಳಿಗೆ ಅದು ತಿಳಿಯಲಿಲ್ಲ.

"ಏನಂದ್ರಿ?"

"ಬೆಳಿಗ್ಗೆ ಸಂಜೆ ಅದೇ ಹಾಲು ಕುಡೀತಾರೆ. ಹಸುವನ್ನ ಯಾರೂ ಕೇಳದೆ ಪುಡಿ ಹಾಕಿದ್ರು, ನಾನು ನನ್ನನ್ನೇ ಕೇಳ್ಕೊಂಡು ಕುಡೀತಿದ್ದೀನಿ, ತಪ್ಪೇನು ಅಂತಾರೆ. ಕಿಟಕಿ ಮೈ ನೋಡ್ಬೇಕು ನೀನು, ಕನ್ನಡಿ ಹಾಗೆ ಹೊಳೆಯತ್ತೆ. ಹಸು ಮೈ ಹೊಳೆದ್ರೆ ಹಾಲು ಚೆನ್ನಾಗಿದೆ ಅಂತಲೇ ಅರ್ಥ, ಇಷ್ಟು ವರ್ಷ ಕೊಟ್ಟಿಗೇಲಿದ್ದೋನಿಗೆ ಅಷ್ಟೂ ತಿಳಿಯಲ್ವಾ ಅಂತಾರೆ."

ಮೈ ಹೊಳೆಯುವ ಕುರಿಗಳು ಅವಳ ಕಣ್ಣ ಮುಂದೆ ಬಂದವು. ಬೇಲಿಗೆ ಹಣೆ ಕುಟ್ಟಿಕೊಂಡ ಮರಿಯೂ ಬಂತು.

"ನೀವು?" ಎಂದಳು, ದನಿ ತನ್ನದಲ್ಲವೆನ್ನಿಸಿತು. "ನೀವೂ ಕುಡೀತೀರಾ?"

"ನನಗೆಲ್ಲಿ ಕೊಡ್ತಾರೆ! ಪ್ರಯೋಗಕ್ಕೆ ಒಂದು ಪ್ರಾಣಿ ಸಾಕು ಅಂತಾರೆ." ಅತ್ತಿಗೆ ನಕ್ಕರು. ಆಮೇಲೆ ಅವಳ ಮುಖ ನೋಡಿ ನಿಲ್ಲಿಸಿದರು. "ಯಾಕೆ? ಏನಾಯ್ತು?"

"ಏಳಿ, ಹೋಗೋಣ."

"ಹಿಡ್ಕೊಂಡು ಹೋಗಕ್ಕಾ?"

"ನೋಡಕ್ಕೆ," ಎಂದಳು. ಅದು ನಿಜವೇ ಆಗಿತ್ತು. ಮಂಡಳಿ, ನಿಯಮ, ಪುಡಿ ಎಲ್ಲ ಹಾಳಾಗಿ ಹೋಗಲಿ, ಒಂದು ಸಲ ಅಣ್ಣನನ್ನು ನೋಡಬೇಕು. ಕುಡಿಯುವುದನ್ನು ಈಗಲೇ ನಿಲ್ಲಿಸಬೇಕು. ಅವನಿಗೇನೂ ಆಗಿರಲಿಕ್ಕಿಲ್ಲ. ಮರಿಗಳು ಪುಟ್ಟವು, ಅಣ್ಣ ದೊಡ್ಡ ಆಳು. ಓದಿದ್ದನ್ನೆಲ್ಲ ಪಕ್ಕಕ್ಕಿಟ್ಟು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಜೀಪಿನಲ್ಲಿ ಅತ್ತಿಗೆ ಬಿರಡೆಯ ಚೀಲ ಮಡಿಲಲ್ಲಿಟ್ಟುಕೊಂಡು ಕೂತರು. ಇಷ್ಟು ದಿನ ಕಟ್ಟಿಟ್ಟ ಮಾತೆಲ್ಲ ಈಗ ಹೊರಬರುತ್ತಿತ್ತು. ಅಣ್ಣ ಗಡ್ಡ ಬಿಟ್ಟಿದ್ದಾನೆ. ಕಿಟಕಿಯ ಜೊತೆ ದಿನವಿಡೀ ಮಾತಾಡುತ್ತಾನೆ. ತಂಗಿಯ ಫೋಟೋ ಕೇಳಿ ಇಸಿದುಕೊಂಡ. ಅವಳು ಹೂಂಗುಟ್ಟುತ್ತಾ ಕೇಳಿದಳು. ಮರಿಗಳ ವಿಷಯ ಹೇಗೆ ಹೇಳುವುದೆಂದು ತಿಳಿಯಲಿಲ್ಲ, ನಾಲಿಗೆಯ ತುದಿವರೆಗೆ ಬಂದದ್ದು ಪ್ರತಿ ಸಲವೂ ಹಿಂದೆ ಹೋಯಿತು.

"ಅದೇನು ಅತ್ತಿಗೆ, ಚೀಲದಲ್ಲಿ ಇಷ್ಟೊಂದು ಸೆಲ್ಲು?"

"ಟಾರ್ಚಿಗೆ. ಬೆಳಕೇ ಬರಲ್ಲ ಅಂತ ಬಯ್ತಾರೆ. ಮನೆಗೆ ತಂದು ಹಾಕಿ ನೋಡಿದ್ರೆ ಚೆನ್ನಾಗೇ ಉರಿಯತ್ತೆ! ನಿಮ್ಮಣ್ಣಂದು ಗೊತ್ತಲ್ಲ, ಕೊಂಡಿದ್ದೆಲ್ಲ ಕಳಪೆ ಅನ್ನೋದೇ ಚಾಳಿ."

ಅವಳು ಸೀಟಿನ ಅಂಚನ್ನು ಬಿಗಿಯಾಗಿ ಹಿಡಿದಳು. "ಸ್ವಲ್ಪ ಬೇಗ ಓಡಿಸಪ್ಪಾ," ಎಂದಳು ಡ್ರೈವರಿಗೆ.

ಡೈರಿಯ ಕಟ್ಟಡ ಊರು ಮುಗಿದ ಮೇಲೆ, ಗಿಡಗಂಟಿ ಬೆಳೆದ ಬಯಲಿನಲ್ಲಿತ್ತು. ಗೋಡೆಗೆ ಹಚ್ಚಿದ್ದ ನೀಲಿ ಬಣ್ಣ ಚಕ್ಕೆ ಎದ್ದಿತ್ತು. ಹಾಲಿನ ಕ್ಯಾನು ಇಳಿಸುತ್ತಿದ್ದ ಕಟ್ಟೆಯ ಮೇಲೆ ಮಧ್ಯಾಹ್ನದ ಬಿಸಿಲು ಕಣ್ಣು ಕುಕ್ಕುವಂತೆ ಬಿದ್ದಿತ್ತು. ಅವಳು ಇಳಿದಳು. ಔಷಧಿ ಪೆಟ್ಟಿಗೆ ಎತ್ತಿಕೊಂಡು ಡ್ರೈವರ್ ಅವಳ ಪಕ್ಕಕ್ಕೆ ಬಂದು ನಿಂತ.

"ರೀ," ಎಂದು ಅತ್ತಿಗೆ ಕೂಗಿದರು, "ಹೆದರ್ಕೋಬೇಡಿ, ನಾನೇ. ಯಾರು ಬಂದಿದ್ದಾರೆ ನೋಡಿ ಹೊರಗೆ ಬಂದು!"

ಒಳಗಿನಿಂದ ಮೊದಲು ಹಸು ಬಂತು. ಕೆಂಪು ಮೈ, ನಿಜಕ್ಕೂ ಕನ್ನಡಿ. ಅದರ ಬೆನ್ನ ಮೇಲೆ ಕೈಯಿಟ್ಟುಕೊಂಡು, ಅದು ನಡೆದ ಹಾಗೆ ನಡೆಯುತ್ತಾ, ಅಣ್ಣ ಬಂದ. ಗಡ್ಡ ಬೆಳ್ಳಗಾಗಿತ್ತು. ಅಂಗಿಯ ಹರಿದ ತೋಳಿಗೆ ಅದೇ ಗೋಣಿಚೀಲದ ಹೊಲಿಗೆ.

ಬದುಕಿದ್ದಾನೆ. ನಿಂತಿದ್ದಾನೆ. ಕೂಗಬೇಕೆಂದು ಅವಳು ಬಾಯಿ ತೆರೆದಳು, ದನಿ ಬರಲಿಲ್ಲ.

ಅಣ್ಣ ಕಟ್ಟೆಯ ಮೇಲೆ ನಿಂತು ಅವರ ಕಡೆ ನೋಡಿದ. ಅವನ ಮುಖ ನಿಧಾನಕ್ಕೆ ಬೆಳಗಿತು. ಯಾರೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಬಂದ್ಯೇನೇ," ಎಂದ. "ನೀನು ಹುಡುಕ್ತೀಯಾ ಅಂತ ಗೊತ್ತಿತ್ತು ಕಣೇ. ಬಯ್ಯೋದಿದ್ರೆ ಆಮೇಲೆ ಬಯ್ಯಿ. ಬಾ, ಮೊದಲು ನಿನ್ನ ಸರಿಯಾಗಿ ನೋಡ್ತೀನಿ."

ಹಸುವಿನಿಂದ ಕೈ ತೆಗೆದು, ಪಾದದಿಂದ ಮೆಟ್ಟಿಲು ತಡಕಿ, ಕೆಳಗಿಳಿದು ಬಂದ. ಎರಡೂ ಕೈ ಚಾಚಿಕೊಂಡು ಅವಳ ಪಕ್ಕದಿಂದ ಹಾದುಹೋಗಿ, ಆರಡಿಯ ಡ್ರೈವರನ ಎರಡೂ ತೋಳು ಹಿಡಿದುಕೊಂಡು, ಅವನ ಮೀಸೆಯ ಮುಖವನ್ನೇ ಕಣ್ತುಂಬ ನೋಡಿದ.

"ಎಷ್ಟು ಸೊರಗಿಹೋಗಿದ್ದೀಯೇ, ಪುಟ್ಟೀ."

ಅತ್ತಿಗೆ ಘೊಳ್ಳೆಂದು ನಕ್ಕರು. "ನೋಡಿದ್ಯಾ? ತಂಗಿ ಬಂದ ಖುಷಿಗೆ ತಮಾಷೆ ಶುರು ಹಚ್ಕೊಂಡ್ರು!"

ಅಣ್ಣ ನಗಲಿಲ್ಲ.